ಆರು ವರ್ಷದ ಅಜ್ಜ

"ಆರೇ ವರ್ಷನಾ? ಹಾಗಾದ್ರೆ ಬೇಡ ಬಿಡಮ್ಮ," ಎಂದ ಟೈಲರಮ್ಮ ಬೋನಿಗೆ ನೇತುಹಾಕಿದ್ದ ಚೀಟಿಯಿಂದ ಕಣ್ಣು ತೆಗೆದು, ಕನ್ನಡಕ ಮಡಚಿ ಚೀಲಕ್ಕೆ ಹಾಕಿಕೊಂಡಳು. "ನನಗೀಗ ಅರವತ್ತೆಂಟು. ಇದು ಇನ್ನೂ ಎಂಟು ಹತ್ತು ವರ್ಷ ಗಟ್ಟಿಯಾಗಿರುತ್ತೆ. ನಾನಿರ್ತೀನಾ? ಆಮೇಲೆ ಪಾಪದ್ದನ್ನ ಮತ್ತೆ ಇಲ್ಲಿಗೇ ತಂದು ಬಿಡ್ತಾರೆ. ನನಗೆ ವಯಸ್ಸಾದ್ದು ಬೇಕು. ಅಂಗಡೀಲಿ ಹೊಲಿಗೆ ಮೆಷಿನ್ ಪಕ್ಕ ಬಿದ್ಕೊಂಡಿರೋಂಥದ್ದು. ಅಂಥದ್ದು ಒಂದೂ ಇಲ್ವಾ ನಿಮ್ಮಲ್ಲಿ?"

ನಾಯಿಗಳ ಆಶ್ರಯಧಾಮದಲ್ಲಿ ದುಡಿಯುತ್ತಿದ್ದ ಆರೈಕೆಯವಳು ಚೀಟಿಯ ಕಡೆ ನೋಡಿದಳು. ಬೋನಿನಲ್ಲಿ ಮಲಗಿದ್ದ ಕಂದು ನಾಯಿಗೆ ಹನ್ನೆರಡು ವರ್ಷ. ಚೀಟಿಯಲ್ಲಿ ಆರು ಎಂದು ಬರೆದವಳು ಅವಳೇ. ಅಕ್ಷರ ದುಂಡಗಿದೆ ಎಂದು ಚೀಟಿ ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ವರ್ಷಕ್ಕೊಮ್ಮೆ ಹೊಸ ಚೀಟಿ ಬರೆಯುವಾಗ ಉಳಿದ ನಾಯಿಗಳಿಗೆಲ್ಲ ಒಂದು ಕೂಡಿಸಿದರೆ ಇದಕ್ಕೆ ಮಾತ್ರ ಒಂದು ಕಳೆಯುತ್ತಿದ್ದಳು. ಬಂದಾಗ ಒಂಬತ್ತಿತ್ತು, ಮರುವರ್ಷ ಎಂಟಾಯಿತು, ಆಮೇಲೆ ಏಳು, ಈ ವರ್ಷ ಆರು. ಲೋಕವೆಲ್ಲ ಮುದಿಯಾಗುತ್ತಿದ್ದರೆ ಇದೊಂದು ಪ್ರಾಣಿ ಹಿಂದಕ್ಕೆ ಬೆಳೆಯುತ್ತಿತ್ತು.

ಕೆಟ್ಟ ಉದ್ದೇಶವೇನೂ ಇರಲಿಲ್ಲ. ಒಂಬತ್ತು ಎಂದು ಓದಿದವರು ಬೋನಿನ ಮುಂದೆ ನಿಲ್ಲುತ್ತಲೇ ಇರಲಿಲ್ಲ, ಮರಿಗಳ ಕಡೆ ಸರಿದುಬಿಡುತ್ತಿದ್ದರು. ಆರಕ್ಕೆ ಇಳಿಸಿದ ಮೇಲೆ ಒಂದು ಮನೆಯವರು ಕರೆದುಕೊಂಡು ಹೋದರು, ಹನ್ನೊಂದನೇ ದಿನ ತಂದು ಬಿಟ್ಟರು. "ಆರು ವರ್ಷದ ನಾಯಿ ಮೆಟ್ಟಿಲು ಹತ್ತೋಕೆ ಇಷ್ಟು ಯೋಚನೆ ಮಾಡುತ್ತೇನ್ರೀ?" ಎಂದು ಆ ಮನೆಯ ಯಜಮಾನ ರೇಗಿದ್ದ. ಆಗಲೂ ಅವಳು ಚೀಟಿ ತಿದ್ದಲಿಲ್ಲ. ತಾನೇ ಒಯ್ಯೋಣವೆಂದರೆ ಇರುವುದು ಬಾಡಿಗೆ ಕೋಣೆ. ಬೆಕ್ಕು ಹಾದುಹೋದರೂ ಮುಖ ಸಿಂಡರಿಸುವ ಮಾಲೀಕ. ಇನ್ನೊಂದು ಚಳಿಗಾಲವನ್ನು ಈ ಸಿಮೆಂಟು ನೆಲದ ಮೇಲೆ ಕಳೆಯುವುದು ಇದರ ಕೈಲಾಗದು ಎಂದು ಡಾಕ್ಟರು ಮೊನ್ನೆ ತಾನೇ ಹೇಳಿದ್ದರು. ಅಂದಿನಿಂದ ಅವಳಿಗೆ ಊಟವೇ ರುಚಿಸುತ್ತಿರಲಿಲ್ಲ.

ಈಗ ನೋಡಿದರೆ ಮುದಿ ನಾಯಿಯನ್ನೇ ಹುಡುಕಿಕೊಂಡು ಬಂದವಳೊಬ್ಬಳು ಬಾಗಿಲ ಕಡೆ ತಿರುಗಿದ್ದಾಳೆ. ನಿಜ ಹೇಳಿದರೆ, ಸುಳ್ಳು ಬರೆದವಳ ಕೈಯಿಂದ ನಾಯಿ ಯಾರು ತಾನೇ ಒಯ್ಯುತ್ತಾರೆ? ಹೇಳದಿದ್ದರೆ ಹೊರಟೇ ಹೋಗುತ್ತಾಳೆ.

"ಅಮ್ಮಾ, ಒಂದ್ನಿಮಿಷ ಇರಿ," ಎಂದವಳೇ ಆರೈಕೆಯವಳು ಬೋನಿನ ಅಗುಳಿ ತೆಗೆದಳು. ಬಂದವರ ಎದುರು ಇದನ್ನು ಪುಟ್ಟ ಎಂದೇ ಕರೆಯಬೇಕೆಂದು ಕೆಲಸದವರಿಗೆಲ್ಲ ತಾಕೀತು ಮಾಡಿದ್ದವಳೂ ಅವಳೇ. "ಪುಟ್ಟಾ, ಬಾ," ಎಂದಳು ಅಭ್ಯಾಸಬಲದಿಂದ. ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅವಳು ಬಗ್ಗಿ, ದಿನಾ ಕರೆಯುವ ಹಾಗೆ ಕರೆದಳು. "ಅಜ್ಜಾ... ಏಳಪ್ಪಾ ನನ್ನಜ್ಜ."

ಅಜ್ಜ ಎದ್ದಿತು. ಮೊದಲು ಮುಂಗಾಲು, ಆಮೇಲೆ ಸ್ವಲ್ಪ ವಿಶ್ರಾಂತಿ, ಆಮೇಲೆ ಹಿಂಗಾಲು.

"ಅಜ್ಜನಾ?" ಟೈಲರಮ್ಮನ ಹುಬ್ಬು ಮೇಲೇರಿತು. "ನಿಜ ಹೇಳು, ಎಷ್ಟು ವರ್ಷ ಇದಕ್ಕೆ?"

"ಹನ್ನೆರಡು."

"ಮತ್ತೆ ಆ ಚೀಟಿ?"

"ನಾನೇ ಬರೆದದ್ದು. ತಪ್ಪಾಯ್ತು."

"ಚೆನ್ನಾಗಿದೆ ಕಣಮ್ಮಾ! ನಂಬಿ ಬಂದೋರ ಕಿವಿ ಮೇಲೆ ಹೂ ಇಡ್ತೀಯಾ? ಇನ್ನೇನೇನು ಮುಚ್ಚಿಟ್ಟಿದೀಯೋ ಎಲ್ಲಾ ಕಕ್ಕು."

ಆರೈಕೆಯವಳು ಒಂದೂ ಬಿಡದೆ ಹೇಳಿದಳು. ಎಡಗಿವಿ ಕೇಳಿಸುವುದಿಲ್ಲ. ಕಿಡ್ನಿಗೆ ದಿನಕ್ಕೆರಡು ಮಾತ್ರೆ. ಊಟದಲ್ಲಿ ಬಚ್ಚಿಟ್ಟು ಕೊಟ್ಟರೆ ಊಟ ಮುಗಿಸಿ ಮಾತ್ರೆಯನ್ನು ನೀಟಾಗಿ ತಟ್ಟೆಯ ಅಂಚಿಗೆ ಇಡುತ್ತದೆ. ಗುಡುಗಿಗೆ ಹೆದರಿ ನಿಂತಲ್ಲೇ ಒದ್ದೆ ಮಾಡುತ್ತದೆ. ಹೇಳುತ್ತ ಹೋದ ಹಾಗೆ, ಇದ್ದೊಂದು ಮನೆಯ ಬಾಗಿಲನ್ನು ಕೈಯಾರೆ ಮುಚ್ಚುತ್ತಿದ್ದೇನೆ ಅನಿಸಿ ಅವಳಿಗೆ ಅಳು ಬಂತು. ಆದರೂ ಕೊನೆಯದನ್ನೂ ಹೇಳಿಬಿಟ್ಟಳು. "ಡಾಕ್ಟರು ಹೇಳೋ ಪ್ರಕಾರ ಒಂದು ವರ್ಷ. ಚೆನ್ನಾಗಿ ನೋಡ್ಕೊಂಡ್ರೆ ಇನ್ನೊಂದು."

ಅಜ್ಜ ಅಷ್ಟರಲ್ಲಿ ನಿಂತು ಸಾಕಾಗಿ, ಟೈಲರಮ್ಮನ ಚಪ್ಪಲಿಯ ಮೇಲೆ ಗದ್ದ ಊರಿ ಮಲಗಿಬಿಟ್ಟಿತ್ತು. ಅವಳು ಬೋನಿನ ಸರಳು ಹಿಡಿದು, ಮಂಡಿಗೆ ಎರಡು ಬೈಗುಳ ಬೈದು, ಮೆಲ್ಲಗೆ ನೆಲಕ್ಕೆ ಕೂತಳು. ಚೀಲದಿಂದ ಅಳತೆಯ ಟೇಪು ತೆಗೆದು ನಾಯಿಯ ಎದೆಗೆ ಸುತ್ತು ಹಾಕಿದಳು.

"ಬಾಯಿ ಬಿಟ್ಕೊಂಡು ಏನು ನೋಡ್ತೀಯಾ? ಆ ತುದಿ ಹಿಡ್ಕೋ. ಚಳಿ ಶುರುವಾಗೋದ್ರೊಳಗೆ ಇದಕ್ಕೊಂದು ಕೋಟು ಆಗಬೇಕು."

ಆರೈಕೆಯವಳು ಹಿಡಿದುಕೊಂಡಳು. ಟೇಪು ಎರಡು ಸಲ ಜಾರಿತು. ಮೂರನೇ ಸಲಕ್ಕೆ ಅಳತೆ ಇಪ್ಪತ್ತಾರಕ್ಕೆ ನಿಂತಿತು.

"ಒಳಗಡೆ ಎರಡಿಂಚು ಮಡಚಿ ಬಿಡ್ತೀನಿ. ಆಮೇಲೆ ಬಿಚ್ಕೋಬಹುದು," ಎಂದಳು ಟೈಲರಮ್ಮ, ಬೆರಳನ್ನು ಟೇಪಿನ ಮೇಲೇ ಇಟ್ಟುಕೊಂಡು. "ಬೆಳೆಯೋ ಮಕ್ಕಳಿಗೆ ನಾವು ಹಾಗೇ ಹೊಲಿಯೋದು."