ಅಕ್ಕಾರು ಚಾ ಕುಡಿದರು

ನಿಶಾತ ಟೀಚರ್ ಚಾ ಕುಡಿದು ಕಪ್ಪು-ಬಸಿ ಕೆಳಗಿಟ್ಟಳು. ಎದುರಿಗೆ ನಿಂತಿದ್ದ ನೀಲಗಂಗವ್ವನ ಮುಖ ಬಿಳಿಚಿಕೊಂಡಿತು.

"ಕುಡದಬಿಟ್ರೇನ್ರಿ ಅಕ್ಕಾರ?"

"ಯಾಕ, ವಿಷಾ ಹಾಕಿದ್ದೇನವಾ?"

ನೀಲಗಂಗವ್ವ ನಗಲಿಲ್ಲ. ಬೆಟಗೇರಿಯ ಆ ನೇಕಾರರ ಓಣಿಗೆಲ್ಲ ಗೊತ್ತಿದ್ದ ಮಾತು ಅದು: ಶಾಲೆ ಶುರುವಾಗುವ ಮುಂಚೆ ಅಕ್ಕಾರು ಮನೆ ಮನೆಗೆ ಬರುತ್ತಾರೆ, ಮಕ್ಕಳನ್ನು ಕಳಿಸುತ್ತೇವೆ ಅನ್ನುವ ತನಕ ಚಾ ಮುಟ್ಟುವುದಿಲ್ಲ. ಬಂದವರು ಚಾ ಬಿಟ್ಟು ಎದ್ದರೆ ಮನೆಯವರಿಗೆ ಅವಮಾನ. ಅದಕ್ಕೆ ಹೆದರಿಯೇ ಎಷ್ಟೋ ಗಂಡಸರು ಹೂಂ ಅಂದಿದ್ದರು.

ಈ ಸಲ ನೀಲಗಂಗವ್ವ, "ಶೃತಿನ್ನ ಏಳನೇ ಕ್ಲಾಸಿಗೆ ಕಳಸಂಗಿಲ್ರಿ" ಎಂದು ಗಟ್ಟಿಯಾಗಿ ಹೇಳಿದ್ದಳು. ನೂಲು ಸುತ್ತುತ್ತಿದ್ದ ಅತ್ತೆ ಮರಿಯವ್ವ ಯುಗಾದಿಯ ಮುಂಚೆ ತೀರಿಕೊಂಡಿದ್ದಳು. ಪಡಸಾಲೆಯ ರಾಟೆಯ ಮುಂದೆ ಈಗ ಮಗಳು ಶೃತಿ ಕೂತಿದ್ದಳು. ನಿಶಾತ ಒಂದು ಸಲ "ಯಾಕ?" ಎಂದು ಕೇಳಿ, ಸುಮ್ಮನೆ ಚಾ ಎತ್ತಿಕೊಂಡಿದ್ದಳು. ಒಂದು ಮಗು ಕಡಿಮೆಯಾಯಿತೆಂದು ಎದೆ ಹಗುರಾಗಿತ್ತು. ಹೋದ ವರ್ಷ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕೂಗಿ ಕೂಗಿ, ಕೊನೆಗೆ ಯಾರು ಓದಿದರೂ ಯಾರು ಬಿಟ್ಟರೂ ಅಷ್ಟೇ ಎನ್ನುವಂತಾಗಿದ್ದಳು. ಪ್ರತಿ ವರ್ಷ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಹುರುಪು ತಿರುಗಿ ಬರುತ್ತಿತ್ತು. ಈ ಸಲ ಬಂದಿರಲಿಲ್ಲ.

ನೀಲಗಂಗವ್ವ ದನಿ ತಗ್ಗಿಸಿದಳು. ಗಂಡ ನೇಯುತ್ತಿದ್ದ ಒಳಕೋಣೆಯ ಕಡೆ ಗದ್ದ ತೋರಿಸಿ, "ನಾ ಒಲ್ಲೆ ಅಂದದ್ದು ಅವರ ಕಿವಿಗೆ ಬೀಳಲಿ ಅಂತರಿ. ನೀವು ಜಗಳಾ ತಗೀತೀರಿ, ಚಾ ಬಿಟ್ಟು ಏಳತೀರಿ, ಅವರು ಸೋಲತಾರ ಅಂತ ಮಾಡಿದ್ದೆ. ನಾ ಕಳಸೂಣು ಅಂದ್ರ ಕೇಳೂ ಮನಷ್ಯಾ ಅಲ್ರಿ" ಅಂದಳು.

"ಮೊದಲ ಹೇಳಬಾರದೇನವಾ?"

"ಜಗಳಾಡೂದು ನಿಮಗ ನಾ ಹೇಳಿಕೊಡಬೇಕೇನ್ರಿ ಅಕ್ಕಾರ?"

ನಿಶಾತ ರಾಟೆಯ ಕಡೆ ನೋಡಿದಳು. ಶೃತಿ ತಲೆ ಎತ್ತದೆ, ಹರಿದ ಎಳೆಯೊಂದನ್ನು ಉಗುಳು ಹಚ್ಚಿ ಜೋಡಿಸುತ್ತಿದ್ದಳು.

ನಿಶಾತ ಎದ್ದು ಒಳಕೋಣೆಯ ಬಾಗಿಲಿಗೆ ಹೋದಳು.

"ಹನಮಪ್ಪಣ್ಣಾ, ಜರಾ ಹೊರಗ ಬರ್ರಿ. ಮಾತಾಡೂದೈತಿ."

ಮಗ್ಗ ನಿಂತಿತು. "ಚಾ ಕುಡದ ಮ್ಯಾಲ ಎಂಥಾ ಮಾತರಿ? ಆತಲ್ಲ, ಹೋಗಿ ಬರ್ರಿ."

"ಕುಡದದ್ದು ನನ್ನ ತಪ್ಪು. ಅದಕ್ಕ ನಿಮ್ಮ ಮಗಳಿಗೆ ಯಾಕ ಶಿಕ್ಷಾ?"

"ನಮ್ಮವ್ವ ಹೋದ್ಲು. ನೂಲು ಯಾರು ಸುತ್ತಬೇಕು? ನೀವು ಬಂದು ಸುತ್ತತೀರೇನು?" ಹನಮಪ್ಪ ಎದ್ದು ಬಾಗಿಲಿಗೆ ಬಂದ. ಅವನ ಕಣ್ಣು ಕೆಂಪಾಗಿದ್ದವು. ಸಿಟ್ಟಿಗೋ, ನಿದ್ದೆಗೆಟ್ಟೋ ತಿಳಿಯಲಿಲ್ಲ. "ನೀವರ ಈ ವರ್ಷ ಸುಮ್ಮನ ಹೋಗತೀರಿ ಅಂತ ತಿಳದಿದ್ದೆ."

"ನಾನೂ ಹಂಗ ತಿಳದಿದ್ದೆ" ಅಂದಳು ನಿಶಾತ.

ಅವನು ಬಾಗಿಲು ಹಾಕಿಕೊಂಡ. ಒಳಗಿನಿಂದ ಅಗಳಿ ಬಿತ್ತು. ನಿಶಾತ ಹೆಗಲ ಚೀಲವನ್ನು ಕೆಳಗಿಟ್ಟು ಅಂಗೈಯಿಂದ ಬಾಗಿಲು ಬಡಿಯತೊಡಗಿದಳು. ಒಳಗೆ ಮಗ್ಗದ ಸದ್ದು ಮತ್ತೆ ಶುರುವಾಗಿ, ಮೊದಲಿಗಿಂತ ಜೋರಾಯಿತು.