ಹಗೇವಿನ ತಳದ ಜೋಳ

ರೋಹಿಣಿ ಮಳೆ ಹಿಡಿಯುವ ಮೊದಲೇ ಜೋಳ ತುಂಬಿಟ್ಟಿದ್ದ ನೆಲದಡಿಯ ಹಗೇವು ಬರಿದು ಮಾಡಬೇಕೆಂದು ಚನಮಲ್ಲಪ್ಪ ಬೆಳಗಿನಿಂದ ಆಳು ಹಚ್ಚಿದ್ದ. ಒಳ್ಳೆಯ ಜೋಳವೆಲ್ಲ ಪೇಟೆಗೆ ಹೋಯಿತು. ತಳದಲ್ಲಿ ನೀರು ಜಿನುಗಿ, ಕಪ್ಪಾಗಿ ಮುಗ್ಗಲು ಹಿಡಿದಿದ್ದ ನಾಲ್ಕು ಚೀಲ ಉಳಿದವು. ಅಷ್ಟರಲ್ಲಿ ಹೊಸ ಆಹಾರ ಕಾಯ್ದೆಯ ಇನ್‌ಸ್ಪೆಕ್ಟರು ಬಂದು ನಿಂತರು.

“ಇದು ಮನುಷ್ಯರು ತಿನ್ನೋ ಕಾಳಲ್ಲ. ಜಪ್ತಿ ಮಾಡ್ತೀನಿ, ಕೇಸೂ ಹಾಕ್ತೀನಿ.”

“ಮನುಷ್ಯಾರಿಗೆ ಯಾರ್ ಕೊಡ್ತಾರ್ರಿ ಸಾಹೇಬ್ರ? ದನದ ಪಾಲಿಂದು ಅದು.”

“ಹಾಗಂತ ಊರವರೊಬ್ಬರು ಹೇಳಲಿ, ಬಿಟ್ಟು ಹೋಗ್ತೀನಿ.”

ಚನಮಲ್ಲಪ್ಪನಿಗೆ ಉಸಿರು ಬಂತು. ಅಂಗಳದಲ್ಲಿ ಜೋಳ ಕೇರುತ್ತಿದ್ದ ನಿಂಬೆವ್ವನನ್ನು ತಾನೇ ಕೂಗಿ ಕರೆದ. ಇಪ್ಪತ್ತು ವರ್ಷ ಅವನ ಮನೆಯಲ್ಲಿ ದುಡಿದವಳು. ಒಂದು ದಿನವೂ ಎದುರಾಡಿದವಳಲ್ಲ.

“ಈ ಹಾಳು ಜೋಳ ದನಕ್ಕೆ ಹಾಕೋದಾ?” ಎಂದು ಇನ್‌ಸ್ಪೆಕ್ಟರು ಕೇಳಿದರು. ನಿಂಬೆವ್ವ ಒಂದು ಹಿಡಿ ಜೋಳ ತೆಗೆದು ಮೂಸಿದಳು. ಧಣಿಯ ಮೇಲೆ ಬಂದ ಅಪವಾದಕ್ಕೆ ಅವಳಿಗೆ ಸಿಟ್ಟೇ ಬಂದಿತ್ತು.

“ಇದಕ್ಕೇನಾಗೇತ್ರಿ ಸಾಹೇಬ್ರ? ಬೂದಿ ಹಚ್ಚಿ ಮೂರ್ ನೀರಾಗ ತೊಳದ್ರ ರೊಟ್ಟಿ ಚಂದ ಆಗ್ತಾವ. ನಮ್ಮ ಧಣ್ಯಾರು ಇದನ್ನ ದನಕ್ಕ ಹಾಕಿ ಹಾಳ್ ಮಾಡೂ ಪೈಕಿ ಅಲ್ರಿ. ವರ್ಷಾ ಕೂಲಿಗಂತ ನಮಗ ತಗದಿಡ್ತಾರ. ನನ್ನ ನಾಕೂ ಮಕ್ಳು ಇದನ್ನ ತಿಂದ ಬೆಳದಾವ.”

ಇನ್‌ಸ್ಪೆಕ್ಟರು ಚನಮಲ್ಲಪ್ಪನ ಮುಖ ನೋಡಿದರು. ಅವರು ಅರಗು ಕಾಯಿಸಿ ಚೀಲಕ್ಕೆ ಮುದ್ರೆ ಒತ್ತಲು ಬಗ್ಗಿದಾಗ ನಿಂಬೆವ್ವ ಸೆರಗೊಡ್ಡಿ ಅಡ್ಡ ಬಂದಳು.

“ತಡೀರಿ ಸಾಹೇಬ್ರ. ಈ ವಾರದ ನನ್ನ ಕೂಲಿ ಇದರಾಗ ಐತಿ. ಅದೊಂದಿಷ್ಟು ಅಳದು ಕೊಟ್ಟು, ಆಮ್ಯಾಲ ಒಯ್ರಿ.”