ಗೋಡೆಯ ಬುಡದ ಬಳ್ಳಿ

ನಡುರಾತ್ರಿ ಹಿತ್ತಲ ಗೋಡೆಯಾಚೆ ಕತ್ತರಿ ಆಡಿಸುವ ಸಣ್ಣ ಸದ್ದು ಕೇಳಿ ವಾರಿಜಾಗೆ ಎಚ್ಚರವಾಯಿತು. ಎರಡು ವರ್ಷದಿಂದ ತನ್ನ ಹಿತ್ತಲ ತುಂಬ ಹರಡಿದ್ದ ಹಳದಿ ಹೂವಿನ ಬಳ್ಳಿಯನ್ನು ಕಿತ್ತು ಕಿತ್ತು ಅವಳ ಸೊಂಟ ಬಿದ್ದುಹೋಗಿತ್ತು. ಕಿತ್ತಷ್ಟೂ ಅದು ನೆಲಕ್ಕೆ ಚಾಪೆ ಹಾಸಿದ ಹಾಗೆ ಹಬ್ಬುತ್ತಿತ್ತು. ಅದರಡಿ ಹಾವಿದ್ದರೆ ಅಂಬೆಗಾಲಿಡುವ ತನ್ನ ಮಗುವಿನ ಗತಿಯೇನು? ಕೊನೆಗೆ, ಬಳ್ಳಿ ಗೋಡೆಯಾಚೆಯಿಂದಲೇ ಬರುತ್ತಿದೆಯೆಂದು ಪಕ್ಕದ ಮನೆಯ ನಾಗವೇಣಮ್ಮನ ಮೇಲೆ ಬಡಾವಣೆಯ ಸಂಘಕ್ಕೆ ದೂರು ಕೊಟ್ಟಿದ್ದಳು. ನಾಳೆಯ ಸಭೆಯಲ್ಲಿ ಆ ಮುದುಕಿ ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕಿತ್ತು.

ವಾರಿಜಾ ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ಇಣುಕಿದಳು.

"ಇಷ್ಟು ಹೊತ್ತಲ್ಲಿ ಏನ್ರೀ ಮಾಡ್ತಿದ್ದೀರ?"

"ಬಳ್ಳಿ ಕತ್ತರಿಸ್ತಿದ್ದೀನಿ ಕಣಮ್ಮ. ಬೆಳಗ್ಗೆ ಸಂಘದೋರು ನೋಡೋಕೆ ಬರ್ತಾರಲ್ಲ."

"ಎರಡು ವರ್ಷ ಬಾಯಿ ಬಡ್ಕೊಂಡೆ. ಆಗ ಎಲ್ಲಿ ಹೋಗಿತ್ತು ಈ ಕತ್ತರಿ?"

ನಾಗವೇಣಮ್ಮ ಟಾರ್ಚನ್ನು ಗೋಡೆಯ ಬುಡಕ್ಕೆ ಹಿಡಿದರು. ನೀರು ಹೋಗುವ ತೂತಿನಿಂದ ಬಳ್ಳಿ ಅವರ ಕಡೆಗೆ ನುಗ್ಗಿ ಬಂದಿತ್ತು.

"ಬೇರು ನಿಮ್ಮ ಬಟ್ಟೆ ಒಗೆಯೋ ಕಲ್ಲಿನಡಿ ಇದೆ. ನಿಮ್ಮತ್ತೆ ನೆಟ್ಟಿದ್ದು. ಬಂದೋರು ಇದನ್ನ ನೋಡಿದ್ರೆ ನಿನಗೆ ತಲೆ ಎತ್ತೋಕಾಗಲ್ಲ, ಅದಕ್ಕೇ ಈಗ ಕತ್ತರಿಸ್ತಿದ್ದೀನಿ. ತಪ್ಪು ನಂದೇ ಅಂತೀನಿ ಬಿಡು. ಈ ವಯಸ್ಸಲ್ಲಿ ನನಗೇನಾಗಬೇಕು?"

ವಾರಿಜಾ ಬಟ್ಟೆ ಒಗೆಯುವ ಕಲ್ಲನ್ನೊಮ್ಮೆ ನೋಡಿ ಒಳಗೆ ಬಂದಳು.

"ಎಲ್ಲಿಗೆ ಹೋಗಿದ್ದೆ?" ನಿದ್ದೆಗಣ್ಣಲ್ಲೇ ಗಂಡ ಕೇಳಿದ.

"ಬೆಕ್ಕು ಬಂದಿತ್ತು," ಎಂದಳು. ನಾಳೆ ನಾಗವೇಣಮ್ಮ ಎಲ್ಲರೆದುರು ಕೈಮುಗಿದು ನಿಂತಾಗಲೂ ಯಾರಿಗೂ ಏನೂ ಹೇಳುವುದಿಲ್ಲವೆಂದು ನಿರ್ಧರಿಸಿ ಹೊದಿಕೆ ಎಳೆದುಕೊಂಡಳು.